ತೊಟ್ಟಿಲಿಗೆ ಗುಳ್ಳೆ ಹೊದಿಸಿದ ಕಥೆ

ಶ್ರಾವಣದ ಒಂದು ಬೆಳಿಗ್ಗೆ ಹುಬ್ಬಳ್ಳಿಯಿಂದ ಕಲಘಟಗಿಗೆ ಹೊರಟ ಬಸ್ಸಿನಲ್ಲಿ ಕುಳಿತಿದ್ದೆ. ತೊಡೆಯ ಮೇಲೆ ಕೌದಿಯಲ್ಲಿ ಸುತ್ತಿದ ಎರಡೂವರೆ ಅಡಿ ಉದ್ದದ ಒಂದು ಹಲಗೆ. ಟಿಕೆಟ್ ಕೊಡಲು ಬಂದ ಕಂಡಕ್ಟರು ನಕ್ಕು, ‘ಏನ್ರೀ ಸರ, ಕೂಸಿನ್ಹಂಗ ಹಿಡಕೊಂಡು ಕುಂತೀರಲ್ಲ?’ ಎಂದರು. ‘ಕೂಸಿಂದ ಐತ್ರಿ, ತೊಟ್ಟಿಲದ ಹಲಗಿ’ ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಕಲಘಟಗಿಯ ಬಸ್ಸಿನಲ್ಲಿ ತೊಟ್ಟಿಲು ಹೊತ್ತು ಕುಳಿತವರನ್ನು ಕಂಡು ಅಚ್ಚರಿಪಡುವವರು ಕಡಿಮೆ.

ಹುಬ್ಬಳ್ಳಿಯಿಂದ ಕಾರವಾರದ ರಸ್ತೆ ಹಿಡಿದು ಮೂವತ್ತು ಕಿ.ಮೀ. ಆಸುಪಾಸು ಹೋದರೆ ಕಲಘಟಗಿ. ದೂರ ಸ್ವಲ್ಪವೇ ಆದರೂ ನಾಡು ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಕುಂದಗೋಳ, ನವಲಗುಂದದ ಕಡೆಯ ಎರೆಭೂಮಿ ಹಿಂದೆ ಉಳಿದು, ಮಣ್ಣು ಕೆಂಪಾಗುತ್ತದೆ. ಭತ್ತದ ಗದ್ದೆಗಳು ಬರುತ್ತವೆ, ದೂರದಲ್ಲಿ ಸಾಗವಾನಿಯ ಅಗಲ ಎಲೆಗಳು ಮಳೆಯಲ್ಲಿ ಮಿಂಚುತ್ತವೆ. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಹೊಸ್ತಿಲಿನಂತೆ ಈ ತಾಲ್ಲೂಕು. ಸಾಗವಾನಿಯ ತೊಟ್ಟಿಲು ಇಲ್ಲಿಯೇ ಹೆಸರಾದುದರಲ್ಲಿ ಆಶ್ಚರ್ಯವಿಲ್ಲ.

ಆ ದಿನ ನನ್ನ ಮನಸ್ಸು ಮಾತ್ರ ಸೀಮೆಯ ಸೊಬಗಿನಲ್ಲಿ ಇರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು, ಪಾಠದಲ್ಲಿ ಹೇಳಿದ್ದನ್ನೇ ಮನೆಯಲ್ಲಿ ಮರೆತು ಮಾಡಿದ ತಪ್ಪೊಂದು ಆ ಕೌದಿಯೊಳಗೆ ಇತ್ತು.

ಸಿಡುಬಿನ ಕಲೆ

ನಮ್ಮ ಕಡೆ ಚೊಚ್ಚಲ ಕೂಸಿಗೆ ತವರಿನವರೇ ತೊಟ್ಟಿಲು ಕೊಡಬೇಕು. ಮಗಳ ಹೆರಿಗೆಗೆ ಮೊದಲೇ ಕಲಘಟಗಿಗೆ ಹೋಗಿ, ಬಿಚ್ಚಿ ಮತ್ತೆ ಕೂಡಿಸಲು ಬರುವಂಥ ತೊಟ್ಟಿಲು ಮಾಡಲು ಹೇಳಿ ಬಂದಿದ್ದೆ. ಕೆಂಪು, ಹಳದಿ, ಹಸಿರಿನ ಅರಗಿನ ಬಣ್ಣ, ಮುಂದಿನ ಹಲಗೆಯ ಮೇಲೆ ಬೆಣ್ಣೆ ಕದಿಯುವ ಕೃಷ್ಣ. ಹೆಸರಿಡುವ ಕಾರ್ಯ ನಮ್ಮ ಮನೆಯಲ್ಲಿಯೇ ಆಯಿತು. ಮಗಳು ಕೂಸನ್ನು ಕರೆದುಕೊಂಡು ಪುಣೆಗೆ ಹೋದ ಮೇಲೆ ತೊಟ್ಟಿಲನ್ನು ಹಿಂದಿನಿಂದ ಲಾರಿಯಲ್ಲಿ ಕಳುಹಿಸುವುದು ಎಂದಾಯಿತು. ಅದು ಮೇ ತಿಂಗಳು.

ಹುಬ್ಬಳ್ಳಿಯಿಂದ ಬಬಲ್ ರ‍್ಯಾಪ್ ತಂದೆ. ಗಾಳಿಯ ಗುಳ್ಳೆಗಳಿರುವ ಆ ಪಾರದರ್ಶಕ ಪ್ಲಾಸ್ಟಿಕ್ಕನ್ನು ನಮ್ಮ ಮಕ್ಕಳು ‘ಚಟ್ ಚಟ್ ಹಾಳಿ’ ಎನ್ನುತ್ತಾರೆ. ಗುಳ್ಳೆಗಳು ಒಳಮುಖವಾಗಿ ಬರಬೇಕು ಎಂದು ಎಲ್ಲೋ ಓದಿದ್ದೆ. ಹಾಗೆಯೇ ಹಲಗೆಗೆ ನೇರವಾಗಿ ಸುತ್ತಿ, ಮೇಲೆ ಹಗ್ಗದಿಂದ ಬಿಗಿಯಾಗಿ ಕಟ್ಟಿದೆ. ಬಿಗಿಯಾದಷ್ಟೂ ಭದ್ರ ಎಂಬುದು ನನ್ನ ಲೆಕ್ಕ.

ನಾಲ್ಕು ದಿನದ ಮೇಲೆ ಮಗಳ ಫೋನು ಬಂತು. ‘ಅಪ್ಪಾ, ತೊಟ್ಟಿಲಾ ಎಲ್ಲೂ ಮುರಿದಿಲ್ಲ. ಆದರ ಕೃಷ್ಣನ ಮುಖದ ತುಂಬ ಸಿಡುಬಿನ ಕಲಿ ಎದ್ದಂಗ ಆಗೇತಿ.’ ಅವಳು ಕಳುಹಿಸಿದ ಚಿತ್ರ ನೋಡಿದೆ. ಬಣ್ಣದ ಮೇಲೆ ಸಾಲುಸಾಲಾಗಿ, ಒಂದೇ ಅಳತೆಯ ದುಂಡು ಗುರುತುಗಳು. ಗುಳ್ಳೆಗಳ ಮುದ್ರೆ. ಬೀಗರ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಹೆಚ್ಚು ನಾಚಿಕೆಯಾಯಿತು. ಪಂಚಮಿಗೆ ತವರಿಗೆ ಬಂದಾಗ ಮಗಳು ಆ ಹಲಗೆಯೊಂದನ್ನು ಬಿಚ್ಚಿ, ಅಜ್ಜಿ ಹೊಲಿದ ಕೌದಿಯಲ್ಲಿ ಸುತ್ತಿ ತಂದಳು. ಕೌದಿ ಒಂದು ಗೆರೆಯನ್ನೂ ಮೂಡಿಸಿರಲಿಲ್ಲ.

ಕುಶಲಕರ್ಮಿಯ ಮಾತು

ಕಲಘಟಗಿಯಲ್ಲಿ ತೊಟ್ಟಿಲು ಮಾಡುವ ಚಿತ್ರಗಾರರ ಮನೆಗೆ ಹೋದಾಗ ಹೊತ್ತು ಹನ್ನೊಂದು. ಪಡಸಾಲೆಯಲ್ಲಿ ಅರ್ಧ ಬಣ್ಣ ಹಚ್ಚಿದ ಹಲಗೆಗಳು ಗೋಡೆಗೆ ಒರಗಿದ್ದವು. ಮನೆಯ ಹಿರಿಯರು ನನ್ನ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ಕಲೆಗಳನ್ನು ಸವರಿದರು. ಬೈಯಲಿಲ್ಲ.

‘ಸರ, ನೀವು ಇದಕ್ಕ ಪೆಟ್ಟು ಬಿದ್ದೀತು ಅಂತ ಅಂಜಿದ್ರಿ. ಸಾಗವಾನಿ ಪೆಟ್ಟಿಗೆ ಅಂಜೂದಿಲ್ರಿ. ಇದರ ಬಣ್ಣ ಅಂಜೂದು ಮೂರಕ್ಕ: ಕಾವು, ಒತ್ತು, ತಿಕ್ಕಾಟ. ನೀವು ಮೂರೂ ಕೊಟ್ಟೀರಿ’ ಎಂದರು.

ಒಂದು ಕ್ಷಣ ನಾನು ಹಿಂದಿನ ಬೆಂಚಿನ ಹುಡುಗನಾದೆ. ಅರಗು ಎಂದರೇನು ಎಂದು ಪ್ರತಿವರ್ಷ ಪಾಠದಲ್ಲಿ ಹೇಳುವವನು ನಾನೇ. ಮುತ್ತುಗದಂಥ ಮರಗಳ ಎಳೆಯ ಟೊಂಗೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ರಾಳವದು. ಬಿಸಿ ತಗುಲಿದರೆ ಮೆದುವಾಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಹಿಂದೆ ಅಂಚೆಯಲ್ಲಿ ಬಟ್ಟೆ ಹೊಲಿದ ಪಾರ್ಸಲಿಗೆ ಅರಗು ಕರಗಿಸಿ ಹಾಕಿ, ಮೇಲೆ ಮುದ್ರೆ ಒತ್ತುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ನೋಡಿದ್ದೀರಿ. ನಾನು ಮಾಡಿದ್ದೂ ಅದೇ ಕೆಲಸ. ಅಂಚೆಯವರು ಮುದ್ರೆ ಒತ್ತಿದ್ದು ಪಾರ್ಸಲಿನ ಹೊರಗೆ, ನಾನು ಒತ್ತಿದ್ದು ಒಳಗೆ.

ಮೇ ತಿಂಗಳಲ್ಲಿ ಮುಚ್ಚಿದ ತಗಡಿನ ಲಾರಿಯೊಳಗೆ ಹೊರಗಿನ ಬಿಸಿಲಿಗಿಂತ ಹೆಚ್ಚು ಕಾವು. ಬಣ್ಣ ಹಚ್ಚಿ ಬಹಳ ದಿನವೂ ಆಗಿರಲಿಲ್ಲ. ಗುಳ್ಳೆಯೊಳಗಿನ ಗಾಳಿಗೂ ಅದೇ ಕಾವು ತಗುಲುತ್ತದೆ. 27 ಡಿಗ್ರಿಯಿಂದ 57 ಡಿಗ್ರಿಗೆ ಏರಿದರೆ ಗಾಳಿ ಶೇಕಡಾ 10ರಷ್ಟು ಹಿಗ್ಗಲು ನೋಡುತ್ತದೆ. ಹಗ್ಗ ಬಿಗಿದಿರುವುದರಿಂದ ಹಿಗ್ಗಲು ಜಾಗವಿಲ್ಲ. ಹಾಗಾಗಿ ಒಳಗಿನ ಒತ್ತಡ ಏರುತ್ತದೆ. ಅಷ್ಟೂ ಒತ್ತಡ ಬೀಳುವುದು ಹಲಗೆಯ ಮೈತುಂಬ ಅಲ್ಲ, ಪ್ರತಿ ಗುಳ್ಳೆಯ ನೆತ್ತಿಯ ಮೇಲೆ ಮಾತ್ರ. ಚಾರ್ಲ್ಸ್ ನಿಯಮ, ಒತ್ತಡದ ವ್ಯಾಖ್ಯೆ, ಅರಗಿನ ಗುಣ ಮೂರೂ ಪಠ್ಯಪುಸ್ತಕದಲ್ಲಿ ಇವೆ. ಕೂಡಿಸಿ ನೋಡುವುದಷ್ಟೇ ನನಗೆ ಹೊಳೆಯಲಿಲ್ಲ.

ಗುಳ್ಳೆ ಹುಟ್ಟಿದ ಬಗೆ

ಹಾಗಾದರೆ ಬಬಲ್ ರ‍್ಯಾಪ್ ಕೆಟ್ಟ ವಸ್ತುವೇ? ಖಂಡಿತ ಅಲ್ಲ. ಅದರ ಹುಟ್ಟೇ ಒಂದು ಸ್ವಾರಸ್ಯದ ಕಥೆ. 1957ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆಲ್ಫ್ರೆಡ್ ಫೀಲ್ಡಿಂಗ್ ಮತ್ತು ಮಾರ್ಕ್ ಶವಾನ್ ಎಂಬ ಇಬ್ಬರು ಎಂಜಿನಿಯರುಗಳು ಗೋಡೆಗೆ ಅಂಟಿಸಲು ಉಬ್ಬುತಬ್ಬಿನ ಅಲಂಕಾರದ ಹಾಳೆ ಮಾಡಹೊರಟರು. ಸ್ನಾನದ ಮನೆಯ ಎರಡು ಪ್ಲಾಸ್ಟಿಕ್ ಪರದೆಗಳನ್ನು ಕೂಡಿಸಿ ಬೆಸೆದಾಗ ನಡುವೆ ಗಾಳಿ ಸಿಕ್ಕಿಕೊಂಡು ಗುಳ್ಳೆಗಳಾದವು. ಗೋಡೆಗೆ ಅದನ್ನು ಯಾರೂ ಕೊಳ್ಳಲಿಲ್ಲ. ಹಸಿರುಮನೆಗೆ ಹೊದಿಸಲು ಎಂದು ನೋಡಿದರು, ಅದೂ ನಡೆಯಲಿಲ್ಲ. 1960ರಲ್ಲಿ ಅವರು ಸೀಲ್ಡ್ ಏರ್ ಎಂಬ ಕಂಪನಿ ಕಟ್ಟಿದರು. ಐ.ಬಿ.ಎಂ. ತನ್ನ 1401 ಎಂಬ ಕಂಪ್ಯೂಟರನ್ನು ಊರಿಂದೂರಿಗೆ ಸಾಗಿಸಲು ಈ ಹಾಳೆಯನ್ನು ಬಳಸಿದ ಮೇಲೆ ಅದರ ನಿಜವಾದ ಕೆಲಸ ಜಗತ್ತಿಗೆ ತಿಳಿಯಿತು.

ಆ ಕೆಲಸ ಏನೆಂದರೆ, ಬೀಳುವ ವಸ್ತುವಿಗೆ ನಿಲ್ಲಲು ಸ್ವಲ್ಪ ದೂರ ಕೊಡುವುದು. 1 ಮೀಟರ್ ಎತ್ತರದಿಂದ ಬಿದ್ದ ಗಾಜು ನೆಲ ಮುಟ್ಟಿ 1 ಮಿ.ಮೀ. ಅಂತರದಲ್ಲಿ ನಿಂತುಬಿಟ್ಟರೆ, ಅದು ತಡೆದುಕೊಳ್ಳಬೇಕಾದ ಪೆಟ್ಟು ಸರಾಸರಿ ಅದರ ತೂಕದ ಸುಮಾರು ಸಾವಿರ ಪಟ್ಟು. ಅದೇ ಗಾಜು ಮೆತ್ತೆಯಲ್ಲಿ 2 ಸೆಂ.ಮೀ. ಇಳಿದು ನಿಂತರೆ ಸುಮಾರು ಐವತ್ತು ಪಟ್ಟು. ಗಾಜು ಬದಲಾಗಿಲ್ಲ, ನೆಲವೂ ಬದಲಾಗಿಲ್ಲ. ಹೆಚ್ಚು ಸಿಕ್ಕಿದ್ದು 19 ಮಿ.ಮೀ. ಮಾತ್ರ. ಬಿಗಿಯಾಗಿ ಕಟ್ಟಿ ಗುಳ್ಳೆಯನ್ನು ಮೊದಲೇ ಚಪ್ಪಟೆ ಮಾಡಿದರೆ ಕಳೆದುಕೊಳ್ಳುವುದು ಈ 19 ಮಿ.ಮೀ.ಯನ್ನೇ.

ಈ ಪಾಠವನ್ನು ನನಗೆ ಮೊದಲು ಕಲಿಸಿದ್ದು ನವಲಗುಂದ. ನೌಕರಿಯ ಆರಂಭದಲ್ಲಿ ಆ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ಪ್ರಯೋಗಶಾಲೆಗೆ ಹುಬ್ಬಳ್ಳಿಯಿಂದ ಬೀಕರು, ಪ್ರನಾಳಗಳನ್ನು ಬಸ್ಸಿನಲ್ಲಿ ತರಬೇಕು. ಆಗ ನಮ್ಮ ಕಡೆ ಗುಳ್ಳೆಯ ಹಾಳೆ ಕಂಡಿರಲಿಲ್ಲ. ಜೊತೆಗೆ ಬಂದ ಶಾಲೆಯ ಜವಾನರು ಒಂದೊಂದು ಬೀಕರಿನೊಳಗೂ ಗೋದಿ ಹೊಟ್ಟು ತುಂಬಿ, ಸುತ್ತಲೂ ಹೊಟ್ಟು ಸುರಿದು, ಡಬ್ಬಿಯನ್ನು ನವಲಗುಂದದ ಹಳೆಯ ಜಮಖಾನೆಯಲ್ಲಿ ಸುತ್ತಿದರು. ನವಲಗುಂದದ ಜಮಖಾನೆ ಎಂದರೆ ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ಹತ್ತಿಯ ದಾರದಿಂದ ನೇಯುವ, ನವಿಲು, ಪಗಡೆ ಹಾಸಿನ ಚಿತ್ರಗಳ ದಪ್ಪ ಹಾಸು. ಎರೆಹೊಲದ ನಡುವಿನ ಆ ಕಾಲದ ರಸ್ತೆಯಲ್ಲಿ ಬಸ್ಸು ಎಷ್ಟು ಕುಣಿದರೂ ಒಂದೇ ಒಂದು ಪ್ರನಾಳ ಒಡೆಯಲಿಲ್ಲ. ಹೊಟ್ಟಿನಲ್ಲಿಯೂ ಇರುವುದು ಗಾಳಿಯೇ. ಗುಳ್ಳೆಯ ಹಾಳೆ ಅದನ್ನು ಅಳತೆ ಮಾಡಿ ಕಟ್ಟಿಕೊಡುತ್ತದೆ, ಅಷ್ಟೇ.

ಕುಂದಗೋಳದ ತಂಬೂರಿ

ಕಲಘಟಗಿಯಿಂದ ಮರಳಿದ ಮರುದಿನ ಕುಂದಗೋಳದಲ್ಲಿ ನನಗೆ ಪರೀಕ್ಷೆಯೇ ಕಾದಿತ್ತು. ಇದು ಸವಾಯಿ ಗಂಧರ್ವರ (1886–1952) ಊರು. ಭೀಮಸೇನ ಜೋಶಿಯವರು ಗುರುಗಳೊಡನೆ ಇದ್ದು ಕಲಿತದ್ದು ಇಲ್ಲಿ; ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದುದು ಇಲ್ಲಿಗೆ. ನಾಡಿಗೇರ ವಾಡೆಯ ಮುಂದೆ ಹಾದು ಹೋಗುವಾಗ ಇಂದಿಗೂ ದನಿ ತಗ್ಗಿಸಿ ಮಾತಾಡುವವರು ಇದ್ದಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂಗೀತ ಕಲಿಯಲು ಊರು ಬಿಟ್ಟು ಹೊರಟಿದ್ದಳು. ಮಿರಜದಿಂದ ತಂದ ತಂಬೂರಿಯನ್ನು ಟೆಂಪೋದಲ್ಲಿ ಕಳುಹಿಸಬೇಕಿತ್ತು. ಅವಳ ತಂದೆ ಕರೆದು, ‘ಸರ, ಗುಳ್ಳಿ ಹಾಳಿ ತಂದೀವ್ರಿ. ಹೆಂಗ ಸುತ್ತೂಣು ಹೇಳ್ರಿ’ ಎಂದರು.

ಈ ಸಲ ನಾನು ಹಾಳೆಯನ್ನು ಮುಟ್ಟಲಿಲ್ಲ. ಮೊದಲು ಕೇಳಿಕೊಂಡೆ: ಈ ತಂಬೂರಿ ಏತಕ್ಕೆ ಅಂಜುತ್ತದೆ? ಅದರ ಬುರುಡೆ ಒಣಗಿದ ಕಾಯಿಯ ತೆಳುವಾದ ಓಡು; ಮೇಲಿನಿಂದ ಭಾರ ಬಿದ್ದರೆ ಬಿರುಕು ಬಿಡುತ್ತದೆ. ಉದ್ದನೆಯ ಕತ್ತಿಗೆ ಆಸರೆ ಇಲ್ಲದಿದ್ದರೆ ಕುಲುಕಾಟಕ್ಕೆ ಕೂಡಿಕೆ ಸಡಿಲಾಗುತ್ತದೆ. ಬಿಗಿದ ತಂತಿಗಳು ಒಳಗಿನಿಂದಲೇ ಎಳೆಯುತ್ತಿರುತ್ತವೆ. ಮಳೆಗಾಲದ ತೇವ ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿದರೆ ಹೊರಗೆ ಹೋಗುವುದಿಲ್ಲ.

ಮೊದಲು ತಂತಿ ಸಡಿಲಿಸಿದೆವು. ಹತ್ತಿಯ ಹಳೆಯ ಸೀರೆ ಸುತ್ತಿದೆವು. ಅದರ ಮೇಲೆ ಬುರುಡೆಗೆ ದೊಡ್ಡ ಗುಳ್ಳೆಯ ಹಾಳೆ ಎರಡು ಸುತ್ತು, ಕತ್ತಿಗೆ ಚಿಕ್ಕ ಗುಳ್ಳೆಯದು. ಊರಿನ ಬಡಿಗರು ತೆಳು ಹಲಗೆಯ ಉದ್ದನೆಯ ಪೆಟ್ಟಿಗೆ ಮಾಡಿಕೊಟ್ಟರು. ಮೇಲಿನ ಭಾರ ಹೊರುವುದು ಪೆಟ್ಟಿಗೆಯ ಕೆಲಸ, ಗುಳ್ಳೆಯದಲ್ಲ. ಸಂಜೆ ಮಗಳಿಂದ ಫೋನು ಬಂದ ಮೇಲೆಯೇ ಆ ತಂದೆ ಊಟಕ್ಕೆ ಕುಳಿತರಂತೆ. ತಂಬೂರಿ ಕ್ಷೇಮವಾಗಿ ಮುಟ್ಟಿತ್ತು.

ಸುತ್ತುವ ಮೊದಲು

ಮಕ್ಕಳು ಓದಲು ದೂರದ ಊರಿಗೆ ಹೋಗುವ ಕಾಲವಿದು. ಪ್ರತಿಯೊಂದು ಮನೆಯಲ್ಲೂ ಏನಾದರೊಂದು ನಾಜೂಕು ಸಾಮಾನು ಕಳುಹಿಸುವ ಪ್ರಸಂಗ ಬರುತ್ತದೆ. ಆದ್ದರಿಂದ ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಸುಮಾರು 10 ಮಿ.ಮೀ. ಅಗಲದ ಚಿಕ್ಕ ಗುಳ್ಳೆ ಕಪ್ಪು, ಲೋಟ, ಕನ್ನಡಕದಂಥ ಹಗುರ ಸಾಮಾನಿಗೆ. 25 ಮಿ.ಮೀ. ಆಸುಪಾಸಿನ ದೊಡ್ಡ ಗುಳ್ಳೆ ಹೆಚ್ಚು ತೂಕದ ಸಾಮಾನಿಗೆ ಮತ್ತು ಡಬ್ಬಿಯ ಖಾಲಿ ಜಾಗ ತುಂಬಲು. ಗಾಜು, ಪಿಂಗಾಣಿಗೆ ಗುಳ್ಳೆಗಳು ಒಳಮುಖವಾಗಿರಲಿ, ಸಾಮಾನನ್ನು ಚೆನ್ನಾಗಿ ಅಪ್ಪುತ್ತವೆ. ಬಣ್ಣ, ಮೆರುಗು, ಅರಗು, ಫೋಟೋ ಇದ್ದ ಕಡೆ ಮಾತ್ರ ಮೊದಲು ಹತ್ತಿಯ ಬಟ್ಟೆ ಅಥವಾ ಶುಭ್ರ ಕಾಗದ, ಆಮೇಲೆ ಹಾಳೆಯ ಸಪಾಟಾದ ಬದಿ. ಟೇಪನ್ನು ಹಾಳೆಗೆ ಹಚ್ಚಬೇಕು, ಸಾಮಾನಿಗಲ್ಲ. ಎರಡು ಕಪ್ಪುಗಳನ್ನು ಕೂಡಿಸಿ ಸುತ್ತಬೇಡಿ, ಒಂದಕ್ಕೊಂದು ಬಡಿದು ಒಡೆಯುತ್ತವೆ. ಕಂಪ್ಯೂಟರಿನ ಬಿಡಿಭಾಗಗಳಿಗೆ ಸ್ಥಾಯೀ ವಿದ್ಯುತ್ತಿನ ಭಯವಿದೆ; ಅವಕ್ಕೆ ಸಾದಾ ಹಾಳೆಯಲ್ಲ, ಅದಕ್ಕೆಂದೇ ಬರುವ ಗುಲಾಬಿ ಬಣ್ಣದ ಹಾಳೆ ಬೇಕು.

ಡಬ್ಬಿಯ ಗೋಡೆಗೂ ಸಾಮಾನಿಗೂ ನಡುವೆ ಎರಡು ಬೆರಳಾದರೂ ಮೆತ್ತೆ ಇರಲಿ. ಮುಚ್ಚಿದ ಮೇಲೆ ಡಬ್ಬಿಯನ್ನು ಮೆಲ್ಲಗೆ ಅಲುಗಾಡಿಸಿ. ಒಳಗೆ ಸಪ್ಪಳವಾದರೆ ಇನ್ನೂ ಜಾಗ ಉಳಿದಿದೆ ಎಂದರ್ಥ. ಬಹಳ ಹೊತ್ತು ಭಾರ ಹೊತ್ತ ಗುಳ್ಳೆಯಿಂದ ಗಾಳಿ ನಿಧಾನವಾಗಿ ಸೋರುತ್ತದೆ. ಹಳೆಯ ಹಾಳೆಯನ್ನು ಮತ್ತೆ ಬಳಸುವಾಗ ಬೆರಳಿನಿಂದ ಒತ್ತಿ ನೋಡಿ. ಚೆನ್ನಾಗಿದ್ದರೆ ಎಸೆಯಬೇಡಿ, ಮಡಿಸಿ ಇಡಿ. ಎಸೆದ ಪ್ಲಾಸ್ಟಿಕ್ಕು ನಮ್ಮ ಹೊಲದ ಬದುವಿಗೇ ಬಂದು ಬೀಳುತ್ತದೆ. ಹತ್ತಿರದ ಊರಿಗಾದರೆ ಹೊಟ್ಟು, ಕಾಗದದ ಉಂಡೆ, ಕೌದಿ ಸಾಕು.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಬಹುದು. ಸುಟ್ಟ ಹಪ್ಪಳ ಮೂರು ತೆಗೆದುಕೊಳ್ಳಿ. ಒಂದನ್ನು ಗುಳ್ಳೆಯ ಹಾಳೆಯಲ್ಲಿ ಬಿಗಿಯಾಗಿ, ಇನ್ನೊಂದನ್ನು ಸಡಿಲವಾಗಿ ಸುತ್ತಿ, ಮೂರನೆಯದನ್ನು ಸಡಿಲವಾಗಿ ಸುತ್ತಿ ರಟ್ಟಿನ ಡಬ್ಬಿಯಲ್ಲಿಡಿ. ಮೂರನ್ನೂ ಒಂದೇ ಎತ್ತರದಿಂದ ಬೀಳಿಸಿ. ಆಮೇಲೆ ಮೂರು ಹೊಸ ಹಪ್ಪಳಗಳನ್ನು ಹಾಗೆಯೇ ಸುತ್ತಿ, ಮೇಲೆ ಒಂದು ದಪ್ಪ ಪುಸ್ತಕ ಇಡಿ. ಎರಡು ಪರೀಕ್ಷೆಗಳಲ್ಲಿ ಯಾವುದು ಗೆಲ್ಲುತ್ತದೆ, ಏಕೆ ಎಂದು ಬರೆದುಕೊಳ್ಳಿ. ಮುರಿದದ್ದು ಹೇಗೂ ತಿನ್ನಲು ಆಗುತ್ತದೆ.

ನನ್ನ ಹಲಗೆ ಇನ್ನೂ ಕಲಘಟಗಿಯಲ್ಲಿಯೇ ಇದೆ. ಹಳೆಯ ಬಣ್ಣ ತೆಗೆದು ಹೊಸದಾಗಿ ಬರೆಯಬೇಕು, ಬರೆದ ಮೇಲೆ ಒಂದು ತಿಂಗಳಾದರೂ ಆರಲು ಬಿಡಬೇಕು ಎಂದು ಹಿರಿಯರು ಹೇಳಿದ್ದಾರೆ. ಮೊಮ್ಮಗಳು ಅಷ್ಟರಲ್ಲಿ ತೊಟ್ಟಿಲು ಬಿಟ್ಟು ಅಂಬೆಗಾಲಿಡುತ್ತಾಳೆ. ‘ಇರಲಿ ಬಿಡ್ರಿ ಸರ, ಕಲಘಟಗಿ ತೊಟ್ಟಿಲಾ ಒಂದು ಕೂಸಿಗಂತ ಮಾಡೂದಿಲ್ಲ. ಆಕಿ ಮಗಳೂ ಮಲಗತಾಳ’ ಎಂದರು ಅವರು. ದಸರೆ ರಜೆಯಲ್ಲಿ ಹಲಗೆ ತರಲು ಹೋಗುತ್ತೇನೆ. ಒಯ್ಯಲು ಕೌದಿಯನ್ನು ಈಗಲೇ ಒಗೆದು ಒಣಗಿಸಿ ಇಟ್ಟಿದ್ದೇನೆ.