ಹಸಿರು ಪ್ಲೇಟು ಸಾಲದು, ಬ್ಯಾಟರಿ ಎಲ್ಲಿದೆ ಅಂತಲೂ ಬರೀರಿ

ಮುಂಗಾರು ಶುರುವಲ್ಲಿ ನಮ್ಮ ವ್ಯಾನು ನಾಲೆ ಏರಿ ಮೇಲಿಂದ ಜಾರಿ ಕಬ್ಬಿನ ಗದ್ದೆಗೆ ಬಿದ್ದದ್ದು ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಓಡಿಸ್ತಿದ್ದವನು ನನ್ನ ತಮ್ಮ. ಕಾಲು ಮುರಿದಿತ್ತು, ಈಗ ಕೋಲು ಹಿಡ್ಕೊಂಡು ಓಡಾಡ್ತಾನೆ. ಸಿಕ್ಕವರೆಲ್ಲ ಹೇಗಾಯ್ತು ಅಂತ ಕೇಳ್ತೀರಿ. ಮಳೆ, ಎರೆಮಣ್ಣು, ತರಕಾರಿ ಲೋಡು, ಅಷ್ಟೆ. ನಾನು ಬರೆಯಬೇಕಾದ್ದು ಆಮೇಲಿನ 20 ನಿಮಿಷದ್ದು.

ಅದು ಹಳೇ ಪೆಟ್ರೋಲ್ ವ್ಯಾನು. ಹೋದ ವರ್ಷ ಎಂಜಿನ್ ತೆಗೆಸಿ ಎಲೆಕ್ಟ್ರಿಕ್ ಮಾಡಿಸಿದ್ದೆ. ಅನುಮೋದನೆ ಇದ್ದ ಕಿಟ್ಟು, ಆರ್‌ಸಿಯಲ್ಲಿ ಇಂಧನಾನೂ ಬದಲಾಗಿತ್ತು. ಹಸಿರು ಪ್ಲೇಟು ಮಾತ್ರ ನಾಳೆ ನಾಡಿದ್ದು ಅಂತ ನಾನೇ ಮುಂದೂಡಿದ್ದೆ. ಟ್ಯಾಂಕಿನ ಮುಚ್ಚಳದ ಮೇಲೆ ‘ಪೆಟ್ರೋಲ್’ ಅಂತ ಹಾಗೇ ಇತ್ತು.

112ಕ್ಕೆ ಫೋನು ಹೋಗಿ ಅಗ್ನಿಶಾಮಕದವರು ಬೇಗನೇ ಬಂದ್ರು. ಗಾಡಿ ಒಂದು ಮಗ್ಗುಲಿಗೆ ಬಿದ್ದಿದೆ, ತಮ್ಮನ ಕಾಲು ಸೀಟಿನ ಕೆಳಗೆ ಸಿಕ್ಕಿದೆ. ಕಟ್ಟರ್ ತಂದವರು ಮುಚ್ಚಳ ನೋಡಿ ಪೆಟ್ರೋಲ್ ಸೋರ್ತಿದೆಯಾ ಅಂತ ಹುಡುಕಿದ್ರಂತೆ. ‘ಕರೆಂಟಿನ ಗಾಡಿ ಸಾರ್’ ಅಂದನಂತೆ ತಮ್ಮ. ಬ್ಯಾಟರಿ ಎಲ್ಲಿ, ಆಫ್ ಎಲ್ಲಿ ಅಂದ್ರೆ ಅವನಿಗೂ ಗೊತ್ತಿಲ್ಲ. ಫೋನು ಪಂಪ್‌ಹೌಸಲ್ಲಿ ಇಟ್ಟು ನಾನು ಗದ್ದೆಯಲ್ಲಿ ನೀರು ಕಟ್ತಿದ್ದೆ.

ನಮ್ಮ ಬ್ಯಾಟರಿ 96 ವೋಲ್ಟು. ಡಿಸಿ 60 ವೋಲ್ಟ್ ದಾಟಿದ್ರೆ ಅಪಾಯದ ಲೆಕ್ಕ, ಅದಕ್ಕೇ ಕೇಬಲ್ಲಿಗೆ ಕಿತ್ತಳೆ ಬಣ್ಣ. ನಮ್ಮದೂ ಕಿತ್ತಳೆಯೇ, ಆದ್ರೆ ತಗಡಿನ ಅಡಿಯಲ್ಲಿ, ಅವನ ಕಾಲು ಸಿಕ್ಕಿದ್ದ ಜಾಗದಲ್ಲೇ ಹಾದು ಹೋಗಿತ್ತು. ಕೀ ತಿರುಗಿಸಿ ಆಫ್ ಮಾಡಿದ್ರೂ ಬ್ಯಾಟರಿ ಒಳಗಿನ ಕರೆಂಟು ಎಲ್ಲೂ ಹೋಗಲ್ಲ. ಗೊತ್ತಿಲ್ಲದೆ ಕತ್ತರಿಸೋಕೆ ಅವರು ಒಪ್ಪಲಿಲ್ಲ. ಅವರದ್ದು ತಪ್ಪಲ್ಲ. ನಾನು ಓಡಿ ಬಂದು ಹಿಂದಿನ ಬಾಗಿಲು ತೆಗೆದು, ಬ್ಯಾಟರಿ ಪೆಟ್ಟಿಗೆ ಪಕ್ಕದ ಸ್ವಿಚ್ಚು ತಿರುಗಿಸಿದ ಮೇಲೆ, ಇನ್ನೂ ಕೆಲವು ನಿಮಿಷ ಬಿಟ್ಟು ಕೆಲಸ ಶುರು ಮಾಡಿದ್ರು. ಕಂಟ್ರೋಲರಿನ ಕೆಪಾಸಿಟರ್ ಖಾಲಿ ಆಗೋವರೆಗೆ ಕಾಯ್ಬೇಕಂತೆ. ಅಷ್ಟೂ ಹೊತ್ತು ತಮ್ಮ ಅರಚ್ತಾನೇ ಇದ್ದ.

ಕಂಪನಿಯಿಂದಲೇ ಎಲೆಕ್ಟ್ರಿಕ್ ಆಗಿ ಬರೋ ಕಾರಿಗೆ ರಕ್ಷಣಾ ನಕ್ಷೆ ಇರುತ್ತೆ. ಅದು ಹೇಗಿರಬೇಕು ಅನ್ನೋಕೆ ಐಎಸ್‌ಒ 17840 ಅಂತ ಮಾನದಂಡವೇ ಇದೆ. ಆಸ್ಟ್ರೇಲಿಯಾದಲ್ಲಿ ನಂಬರ್ ಪ್ಲೇಟಿಗೆ ‘ಇವಿ’ ಅಂತ ನೀಲಿ ತ್ರಿಕೋನ ಅಂಟಿಸ್ತಾರೆ. ನಮ್ಮಲ್ಲಿ ಹಸಿರು ಪ್ಲೇಟು. ಆದ್ರೆ ಪ್ಲೇಟು ಇದು ಏನು ಅಂತ ಹೇಳುತ್ತೆ, ಬ್ಯಾಟರಿ ಎಲ್ಲಿ ಅಂತ ಹೇಳಲ್ಲ. ಬದಲಾಯಿಸಿದ ಗಾಡಿ ಒಂದೊಂದೂ ಒಂದೊಂದು ಥರ. ಹಳೇ ಗಾಡಿಯ ನಕ್ಷೆ ನೋಡಿದ್ರೆ ಇಲ್ಲದ ಟ್ಯಾಂಕೇ ಕಾಣೋದು.

ರಿಪೇರಿ ಆದ ಮೇಲೆ ನಾನು ಮಾಡಿದ್ದು ಇಷ್ಟು. ಹಸಿರು ಪ್ಲೇಟು ಹಾಕಿಸಿದೆ. ಹಿಂದೆ, ಮುಂದೆ, ಎರಡೂ ಪಕ್ಕ ‘ಎಲೆಕ್ಟ್ರಿಕ್, 96 ವೋಲ್ಟ್’ ಅಂತ ಬರೆಸಿದೆ. ಸ್ವಿಚ್ಚಿನ ಕಡೆಗೆ ಬಾಣದ ಗುರುತು. ಒಂದು ಹಾಳೆಯಲ್ಲಿ ಗಾಡಿಯ ಚಿತ್ರ ಬರೆದು ಬ್ಯಾಟರಿ, ಕೇಬಲ್ ದಾರಿ, ಸ್ವಿಚ್ಚು, 12 ವೋಲ್ಟ್ ಬ್ಯಾಟರಿ ಗುರುತು ಮಾಡಿ, ಲ್ಯಾಮಿನೇಶನ್ ಮಾಡಿಸಿ ಡ್ರೈವರ್ ಕಡೆ ಸನ್‌ವೈಸರ್ ಹಿಂದೆ ಸಿಕ್ಕಿಸಿದೆ. ಇನ್ನೊಂದು ಪ್ರತಿ ತಾಲ್ಲೂಕಿನ ಅಗ್ನಿಶಾಮಕ ಠಾಣೆಗೆ ಕೊಟ್ಟು, ಗಾಡಿನೂ ತೋರಿಸಿ ಬಂದೆ. ಮನೆಯಲ್ಲಿ ಓಡಿಸೋರಿಗೆಲ್ಲ ಸ್ವಿಚ್ಚು ಮುಟ್ಟಿಸಿ ತೋರಿಸಿದೆ.

ಇನ್ನೊಂದು ಮಾತು. ಏಟು ತಿಂದ ಇಲ್ಲ ನೀರಲ್ಲಿ ಮುಳುಗಿದ ಎಲೆಕ್ಟ್ರಿಕ್ ಗಾಡಿನ ತಂದು ಹುಲ್ಲಿನ ಮೆದೆ ಪಕ್ಕ, ಕೊಟ್ಟಿಗೆ ಪಕ್ಕ ನಿಲ್ಲಿಸಬೇಡಿ. ಬ್ಯಾಟರಿ ದಿನಗಳ ಮೇಲೂ ಹೊತ್ತಿಕೊಳ್ಳಬಹುದು, ಆರಿಸಿದ ಬೆಂಕಿ ಮತ್ತೆ ಏಳಬಹುದು. ಬಯಲಲ್ಲಿ ಬಿಡಿ.

ಗಾಡಿ ಬದಲಾಯಿಸಿದೋರು ನಮ್ಮ ಸುತ್ತಲೇ ಇದ್ದೀರಿ. ಭಾನುವಾರ ಬೆಳಿಗ್ಗೆ ಬನ್ನಿ, ಹಾಳೆ ಬರೆಯೋಣ, ಅರ್ಧ ಗಂಟೆ ಕೆಲಸ. ಮುಚ್ಚಳದ ಮೇಲಿದ್ದ ‘ಪೆಟ್ರೋಲ್’ ಅನ್ನೋದನ್ನ ತಮ್ಮ ಕೂತಲ್ಲೇ ಕೂತು ಚಾಕುವಿನಲ್ಲಿ ಕೆರೆದು ತೆಗೆದ. ನನ್ನ ಕೈಗೆ ಕೊಡಲಿಲ್ಲ.