ಯಂತ್ರ ಓದುತ್ತಿದ್ದ ಪ್ರತಿ

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಮನೆಯಲ್ಲಿಯೇ ಜೋಡಿಸಿದ ಗಣಕಯಂತ್ರಕ್ಕೆ ಅದರ ಒಡೆಯನೊಬ್ಬನೇ ಬಲ್ಲ ಕೆಲವು ಸ್ವಭಾವಗಳಿರುತ್ತವೆ. ನನ್ನ ಯಂತ್ರದ ಸ್ವಭಾವವೆಂದರೆ ಅದಕ್ಕೆ ನಿದ್ರೆಯಿಲ್ಲದಿರುವುದು. ಮಲಗೆಂದು ಆಜ್ಞೆಯಿತ್ತರೆ ಪರದೆ ಕಪ್ಪಾಗುತ್ತಿತ್ತು, ಫ್ಯಾನು ನಿಲ್ಲುತ್ತಿತ್ತು. ಎರಡು ಕ್ಷಣ ಕಳೆಯುವಷ್ಟರಲ್ಲಿ ಯಾರೋ ಮುಟ್ಟಿ ಎಬ್ಬಿಸಿದಂತೆ ಮತ್ತೆ ಎದ್ದು ಕುಳಿತುಬಿಡುತ್ತಿತ್ತು.

ಇದು ನಗುವ ಸಂಗತಿಯಾಗಿ ಉಳಿಯದಿರುವುದಕ್ಕೆ ಕಾರಣವಿತ್ತು. ಬದಿಯಡ್ಕದ ಒಳಭಾಗದ ನಮ್ಮ ಹಳ್ಳಿಯಲ್ಲಿ ಆಟಿ ತಿಂಗಳೆಂದರೆ ಕಂಗು ಮುರಿದು ತಂತಿಯ ಮೇಲೆ ಬೀಳುವ ಕಾಲ. ಒಂದು ರಾತ್ರಿಯಲ್ಲಿ ನಾಲ್ಕೈದು ಸಲ ಕರೆಂಟು ಹೋಗುತ್ತದೆ. ಇರುವ ಒಂದೇ ಇನ್ವರ್ಟರು ಅಮ್ಮನ ಕೋಣೆಯ ದೀಪಕ್ಕೂ ಫ್ಯಾನಿಗೂ ನನ್ನ ಯಂತ್ರಕ್ಕೂ ಸಾಲಬೇಕು. ಅದೇ ತಿಂಗಳು ಹಳೆಯ ಮನೆತನವೊಂದರಿಂದ ಒಂದು ರಾಮಾಯಣ ಪ್ರಸಂಗದ ನಾಲ್ಕು ಕೈಬರಹದ ಪ್ರತಿಗಳು ನನಗೆ ದೊರೆತಿದ್ದವು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಮ್ಮ ಸೀಮೆಯಲ್ಲಿ ತಲೆಮಾರುಗಳಿಂದ ಹಾಡಿಕೊಂಡು ಬಂದಿರುವ ಪ್ರಸಂಗಗಳಲ್ಲಿ ಅದೂ ಒಂದು. ಮಸಿ ಕಾಗದವನ್ನು ತಿನ್ನತೊಡಗಿತ್ತು. ಸೋಣ ತಿಂಗಳು ಹುಟ್ಟುವ ಮೊದಲು ಹಿಂದಿರುಗಿಸಬೇಕೆಂಬ ಕರಾರಿನ ಮೇಲೆ ಕೊಟ್ಟಿದ್ದರು. ನಾಲ್ಕೂ ಪ್ರತಿಗಳ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇರಿಸಿ, ಒಂದೇ ಪದ್ಯದ ಒಂದೇ ಸಾಲಿಗೆ ನಿಲ್ಲಿಸಿ ಹೋಲಿಸುವ ಕೆಲಸ. ಯಂತ್ರವನ್ನು ಪೂರ್ತಿ ಆರಿಸಿದರೆ ಆ ಜೋಡಣೆಯೆಲ್ಲ ಚದರುತ್ತದೆ. ಮರಳಿ ಹೊಂದಿಸಲು ಕಾಲು ಗಂಟೆ ಬೇಕು. ಆರಿಸದಿದ್ದರೆ ಇನ್ವರ್ಟರು ಬರಿದಾಗಿ ಅಮ್ಮ ಸೆಕೆಯಲ್ಲಿ ಎದ್ದು ಕೂರುತ್ತಾರೆ. ನಿದ್ರೆಯಲ್ಲಾದರೆ ಯಂತ್ರದ ನೆನಪಿನ ಭಾಗವೊಂದು ಮಾತ್ರ ಎಚ್ಚರವಿದ್ದು, ಕೆಲವೇ ವ್ಯಾಟ್ ವಿದ್ಯುತ್ತಿನಲ್ಲಿ ಎಲ್ಲವೂ ಇದ್ದಂತೆಯೇ ಉಳಿಯುತ್ತದೆ.

ನಿದ್ರೆಗೆಡಿಸುತ್ತಿದ್ದುದು ಯಾವುದೆಂದು ತಿಳಿಯುವುದು ಕಷ್ಟವಾಗಲಿಲ್ಲ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ತಯಾರಕರು ಬರೆದಿಟ್ಟಿರುವ ಫರ್ಮ್‌ವೇರ್, ಯಂತ್ರ ಎಚ್ಚರಗೊಂಡಾಗ ಕೆಲವು ಕೋಷ್ಟಕಗಳನ್ನು ಕಾರ್ಯವ್ಯವಸ್ಥೆಯ ಕೈಗೆ ಒಪ್ಪಿಸುತ್ತದೆ. ಈ ಏರ್ಪಾಡಿಗೆ ಎಸಿಪಿಐ ಎಂದು ಹೆಸರು. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ 1996ರ ಡಿಸೆಂಬರಿನಲ್ಲಿ ಇದನ್ನು ಮೊದಲು ಪ್ರಕಟಿಸಿದವು. ಕೋಷ್ಟಕಗಳಲ್ಲಿ ಹಿರಿಯದು ಡಿಎಸ್‌ಡಿಟಿ. ಯಂತ್ರದಲ್ಲಿ ಯಾವ ಯಾವ ಅಂಗಗಳಿವೆ, ಯಾವುದು ಯಾವ ನಿದ್ರೆಯಿಂದ ಯಂತ್ರವನ್ನು ಎಬ್ಬಿಸಬಲ್ಲುದು ಎಂಬ ವಿವರ ಅದರಲ್ಲಿರುತ್ತದೆ. ನನ್ನ ಯಂತ್ರದಲ್ಲಿ ಯುಎಸ್‌ಬಿ ನಿಯಂತ್ರಕಕ್ಕೆ ಎಬ್ಬಿಸುವ ಅಧಿಕಾರವಿತ್ತು. ಅದು ಆ ಅಧಿಕಾರವನ್ನು ಕಾರಣವಿಲ್ಲದೆ ಚಲಾಯಿಸುತ್ತಿತ್ತು. ಪ್ರತಿಸಲ ಯಂತ್ರವನ್ನು ಚಾಲೂ ಮಾಡಿದೊಡನೆ ಒಂದು ಆಜ್ಞೆ ಬರೆದು ಅದನ್ನು ಸುಮ್ಮನಾಗಿಸಬಹುದು. ಆದರೆ ಅದು ಮುಂದಿನ ಸಲದವರೆಗೆ ಮಾತ್ರ ನಿಲ್ಲುವ ಉಪಾಯ. ಮೂಲಪಾಠವನ್ನೇ ತಿದ್ದುವುದೆಂದು ನಿಶ್ಚಯಿಸಿದೆವು. ನಿಶ್ಚಯಿಸಿದವನು ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ. ಫೋನಿನಲ್ಲಿ ಹೂಂಗುಟ್ಟಿದವನು ನಾನು.

ತಿದ್ದುವ ಕ್ರಮ ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವೆನಿಸಲಾರದು. ಯಂತ್ರದಲ್ಲಿರುವ ಕೋಷ್ಟಕದ ನಕಲನ್ನು ತೆಗೆದು, ಐಎಎಸ್‌ಎಲ್ ಎಂಬ ಸಾಧನದಿಂದ ಮನುಷ್ಯರು ಓದಬಹುದಾದ ರೂಪಕ್ಕೆ ತರಬೇಕು. ಎಬ್ಬಿಸುವ ಅಧಿಕಾರವನ್ನು ಸೂಚಿಸುವ ಕಡೆ 4 ಎಂದಿತ್ತು. ಅಲ್ಲಿ 0 ಎಂದು ಬರೆದು ಮತ್ತೆ ಯಂತ್ರಭಾಷೆಗೆ ಹಿಂದಿರುಗಿಸಬೇಕು. ಚಿಪ್ಪಿನಲ್ಲಿರುವುದನ್ನು ಮುಟ್ಟುವಂತಿಲ್ಲ. ಆದ್ದರಿಂದ ತಿದ್ದಿದ ಪಾಠವನ್ನು ಒಂದು ಪುಟ್ಟ ಕಟ್ಟಿನಲ್ಲಿ ಇರಿಸಿ, ಬೂಟ್‌ಲೋಡರ್ ಅದನ್ನು ಉಳಿದೆಲ್ಲಕ್ಕಿಂತ ಮೊದಲು ಲಿನಕ್ಸ್ ಕರ್ನೆಲಿನ ಕೈಗೆ ಕೊಡುವಂತೆ ಮಾಡಬೇಕು. ಕಟ್ಟನ್ನು ಸಂಕುಚಿಸಬಾರದು, ಒಳಗಿನ ಕಡತಕೋಶಗಳ ಹೆಸರು ಕರ್ನೆಲ್ ಹುಡುಕುವ ಹೆಸರೇ ಆಗಿರಬೇಕು. ಇಷ್ಟನ್ನೂ ಮಾಡಿದ್ದಾಯಿತು. ಯಂತ್ರ ಮೊದಲಿನಂತೆಯೇ ಎರಡು ಕ್ಷಣ ಮಲಗಿ ಎದ್ದಿತು.

ಇಂಥ ಸಂದರ್ಭದಲ್ಲಿ ಕೈ ಸಹಜವಾಗಿ ತಿದ್ದುಪಡಿಯ ಕಡೆಗೆ ಹೋಗುತ್ತದೆ. ಇನ್ನೊಂದು ಅಂಕಿಯನ್ನು ಬದಲಿಸೋಣ, ಇನ್ನೊಂದು ಸಾಲನ್ನು ಅಳಿಸೋಣ ಎನಿಸುತ್ತದೆ. ಅಳಿಯನ ಮಾತು ಅದನ್ನು ತಡೆಯಿತು: “ತಿದ್ದಿದ್ದು ಸರಿಯೇ ಉಂಟು ಮಾವಾ. ಅದು ಓದುವುದು ಯಾವುದನ್ನು ಅಂತ ಮೊದಲು ನೋಡಿ.”

ಓಡುತ್ತಿರುವ ಕರ್ನೆಲ್ ತಾನು ಸ್ವೀಕರಿಸಿದ ಕೋಷ್ಟಕವನ್ನು ಒಂದು ಕಡತದಂತೆ ತೋರಿಸುತ್ತದೆ. ತೆಗೆದು ನೋಡಿದರೆ ನಾವು ಬರೆದ ಸೊನ್ನೆ ಅದರಲ್ಲಿರಲಿಲ್ಲ. ಹಳೆಯ ನಾಲ್ಕೇ ಇತ್ತು. ಮುಂದಿನ ಪರೀಕ್ಷೆ ನನಗೆ ಬಹಳ ಹಿಡಿಸಿತು. ಬೂಟ್‌ಲೋಡರ್ ಕರ್ನೆಲಿಗೆ ಹೇಳಿ ಕಳುಹಿಸುವ ಮಾತುಗಳ ಸಾಲಿನ ಕೊನೆಗೆ ಅರ್ಥವಿಲ್ಲದ ಒಂದು ಪದವನ್ನು ಸೇರಿಸಬೇಕು. ಕರ್ನೆಲ್ ಅದನ್ನು ಗಣಿಸುವುದಿಲ್ಲ, ಆದರೆ ತನಗೆ ಬಂದ ಮಾತುಗಳನ್ನು ಇದ್ದಂತೆಯೇ ದಾಖಲಿಸಿಡುತ್ತದೆ. ಯಂತ್ರವನ್ನು ಮತ್ತೆ ಚಾಲೂ ಮಾಡಿ ಆ ದಾಖಲೆಯಲ್ಲಿ ಪದವನ್ನು ಹುಡುಕಿದೆ, ಇರಲಿಲ್ಲ. ಎಂದರೆ ತಿದ್ದುಪಡಿಯ ಮಾತು ಹಾಗಿರಲಿ, ನಾವು ಬರೆದ ಸೂಚನೆಯ ಕಡತವನ್ನೇ ಯಾರೂ ತೆರೆದಿರಲಿಲ್ಲ.

ಯಂತ್ರದಲ್ಲಿ ಎರಡು ಡಿಸ್ಕುಗಳಿದ್ದವು. ಹೊಸದರಲ್ಲಿ ಕಾರ್ಯವ್ಯವಸ್ಥೆ, ಹಿಂದಿನ ಯಂತ್ರದಿಂದ ಬಂದ ಹಳೆಯದು ಹಸ್ತಪ್ರತಿಗಳ ಚಿತ್ರಗಳ ಉಗ್ರಾಣ. ಆ ಹಳೆಯ ಡಿಸ್ಕಿನಲ್ಲಿಯೂ ಒಂದು ಬೂಟ್‌ಲೋಡರ್ ಇತ್ತು, ಫರ್ಮ್‌ವೇರಿನ ಸರದಿಯಲ್ಲಿ ಅದರ ಹೆಸರೇ ಮೊದಲಿತ್ತು. ಹೊಸ ವ್ಯವಸ್ಥೆಯನ್ನು ಎಬ್ಬಿಸುವ ಬಗೆಯನ್ನು ಅದು ಹಿಂದೊಮ್ಮೆ ತನ್ನ ಪಟ್ಟಿಗೆ ನಕಲು ಮಾಡಿಕೊಂಡಿತ್ತು. ಎರಡರ ಪರದೆಯೂ ಒಂದೇ ಬಗೆಯದಾದ್ದರಿಂದ ನೋಟಕ್ಕೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ನಾವು ಹೊಸ ಡಿಸ್ಕಿನಲ್ಲಿ ಏನನ್ನು ಬರೆದರೂ ಯಂತ್ರ ಏಳುತ್ತಿದ್ದುದು ಹಳೆಯ ಡಿಸ್ಕಿನ ನಕಲಿನಂತೆ. ಅಟ್ಟದ ಮೇಲೆ ಶುದ್ಧಪ್ರತಿ ಸಿದ್ಧವಾಗಿದ್ದರೇನು, ಭಾಗವತರು ಹಾಡುವುದು ತಮ್ಮ ಮುಂದೆ ಬಿಚ್ಚಿಟ್ಟಿರುವ ಪುಸ್ತಕವನ್ನು.

ಸರದಿಯನ್ನು ಬದಲಿಸಿದೆವು. ಅರ್ಥವಿಲ್ಲದ ಪದ ದಾಖಲೆಯಲ್ಲಿ ಕಾಣಿಸಿತು. ಆ ಒಂದು ಪದವನ್ನು ಕಂಡಾಗ ಆದ ಸಂತೋಷ ಎಷ್ಟೋ ಅರ್ಥವತ್ತಾದ ಪದಗಳನ್ನು ಕಂಡಾಗಲೂ ಆದದ್ದಿಲ್ಲ. ಯಂತ್ರಕ್ಕೆ ಮಾತ್ರ ನಿದ್ರೆ ಬರಲಿಲ್ಲ.

ಈಗ ಕರ್ನೆಲಿನ ದಿನಚರಿಯಲ್ಲಿ ಹೊಸ ಸಾಲೊಂದಿತ್ತು. ಕಟ್ಟಿನಲ್ಲಿ ಡಿಎಸ್‌ಡಿಟಿ ಕೋಷ್ಟಕವೊಂದು ಸಿಕ್ಕಿದೆ ಎಂದು ಅದು ಹೇಳುತ್ತಿತ್ತು. ಹಳೆಯದರ ಸ್ಥಾನದಲ್ಲಿ ಅದನ್ನು ಇರಿಸಿದೆ ಎಂಬ ಇನ್ನೊಂದು ಸಾಲು ಬರಬೇಕಾಗಿತ್ತು, ಬಂದಿರಲಿಲ್ಲ. ಭದ್ರ ಚಾಲನೆಯ ಏರ್ಪಾಡು, ಅಂದರೆ ಸೆಕ್ಯೂರ್ ಬೂಟ್, ಜಾರಿಯಲ್ಲಿದ್ದರೆ ಹಲವು ಲಿನಕ್ಸ್‌ಗಳಲ್ಲಿ ಕರ್ನೆಲ್ ಬೀಗ ಹಾಕಿಕೊಂಡಿರುತ್ತದೆ; ಆಗ ಹೊರಗಿನ ಕೋಷ್ಟಕವನ್ನು ಒಲ್ಲೆನೆಂದು ಬಾಯಿಬಿಟ್ಟು ಹೇಳುತ್ತದೆ. ನಮ್ಮಲ್ಲಿ ಅದಿರಲಿಲ್ಲ. ಇದು ಮೌನದ ನಿರಾಕರಣೆ, ಸಿಕ್ಕಿದೆ ಎಂದು ಒಪ್ಪಿಕೊಂಡು ಪಕ್ಕಕ್ಕೆ ಇಡುವುದು.

ಕಾರಣ ಕೋಷ್ಟಕದ ತಲೆಬರಹದಲ್ಲಿತ್ತು. ಅಲ್ಲಿ ತಯಾರಕರ ಗುರುತು, ಕೋಷ್ಟಕದ ಗುರುತು, ಇವುಗಳೊಡನೆ ಪರಿಷ್ಕರಣದ ಸಂಖ್ಯೆ ಇರುತ್ತದೆ. ಗುರುತುಗಳು ಮೂಲದೊಡನೆ ಅಕ್ಷರಶಃ ಹೊಂದಬೇಕು. ಸಂಖ್ಯೆ ಮಾತ್ರ ಮೂಲಕ್ಕಿಂತ ಹೆಚ್ಚಾಗಿರಬೇಕು. ಸಮವಾಗಿದ್ದರೂ ಸಾಲದು. ಒಳಗಿನ ಪಾಠ ಎಷ್ಟು ಬದಲಾಗಿದೆ ಎಂದು ಕರ್ನೆಲ್ ನೋಡುವುದಿಲ್ಲ. ಮುಖಪುಟದಲ್ಲಿ ‘ಎರಡನೆಯ ಮುದ್ರಣ’ ಎಂದಿಲ್ಲದಿದ್ದರೆ ಅದಕ್ಕೆ ಎರಡೂ ಒಂದೇ. ಇದು ಮೂರ್ಖತನವಲ್ಲ. ಮುಂದೆ ಎಂದಾದರೂ ತಯಾರಕರೇ ಉತ್ತಮವಾದ ಕೋಷ್ಟಕವನ್ನು ಒದಗಿಸಿದರೆ, ಎಲ್ಲೋ ಮರೆತುಹೋದ ಹಳೆಯ ತಿದ್ದುಪಡಿ ಅದರ ಮೇಲೆ ಕುಳಿತುಕೊಳ್ಳಬಾರದಲ್ಲ. ಸಂಖ್ಯೆಗೆ ಒಂದನ್ನು ಕೂಡಿಸಿ ಮತ್ತೆ ಕಟ್ಟಿದೆವು. ಆ ರಾತ್ರಿ ಯಂತ್ರ ಮಲಗಿತು, ಬೆಳಗಿನವರೆಗೂ ಏಳಲಿಲ್ಲ.

ಗ್ರಂಥಸಂಪಾದನೆಯ ತರಗತಿಯಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಮುಂದಿಟ್ಟುಕೊಂಡು ಪ್ರತಿಗಳ ಪೀಳಿಗೆಯ ಬಗ್ಗೆ ಮಾತಾಡುವಾಗ, ಇಷ್ಟೊಂದು ಸೂಕ್ಷ್ಮ ಯಾರಿಗೆ ಬೇಕು ಎಂಬ ಮುಖಗಳನ್ನು ಹಿಂದಿನ ಬೆಂಚಿನಲ್ಲಿ ಕಂಡಿದ್ದೇನೆ. ಅವರಿಗಾಗಿ ಇನ್ನೊಂದು ಸಂಗತಿ. ಆ ನಾಲ್ಕು ಪ್ರತಿಗಳಲ್ಲಿ ಹಳೆಯದರ ಅಂಚಿನಲ್ಲಿ, ಬೇರೊಂದು ಕೈಯಿಂದ, ತಾಳ ತಪ್ಪಿದ ಪದ್ಯವೊಂದಕ್ಕೆ ತಿದ್ದುಪಡಿ ಇದೆ. ತಿದ್ದುಪಡಿ ಸೊಗಸಾಗಿದೆ. ಉಳಿದ ಮೂರು ಪ್ರತಿಗಳಲ್ಲಿಯೂ ತಾಳ ತಪ್ಪಿದ ಪಾಠವೇ ಇದೆ. ಪ್ರತಿಕಾರರಿಗೆ ತಾಳಜ್ಞಾನವಿರಲಿಲ್ಲವೆಂದು ನಾನು ಆಟಿಯ ಮೊದಲ ವಾರದಲ್ಲಿ ಟಿಪ್ಪಣಿ ಬರೆದಿಟ್ಟಿದ್ದೆ. ಕೊನೆಯ ವಾರ ಅದರ ಕೆಳಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸಿದೆ: ಈ ಮೂವರ ಮುಂದೆ ಇದ್ದುದು ಈ ಪ್ರತಿಯೇ? ಇದೇ ಆಗಿದ್ದರೂ, ಅಂಚಿನ ಬರಹ ಆಗಲೇ ಅದರಲ್ಲಿತ್ತೇ? ಮೂರೂ ಪ್ರತಿಗಳು ಹಳೆಯದರಲ್ಲಿಲ್ಲದ ಒಂದೇ ಜಾಗದಲ್ಲಿ ಒಂದೇ ಸಾಲನ್ನು ಬಿಟ್ಟಿವೆ. ಅವುಗಳಿಗೆ ಸಮಾನವಾದ ಬೇರೊಂದು ಮಾತೃಕೆ ಇದ್ದಿರಬೇಕು. ಅದು ಯಾವ ಮನೆಯಲ್ಲಿದೆಯೋ ಹುಡುಕಬೇಕು.

ಕರಾರಿನ ದಿನಕ್ಕೆ ಎರಡು ದಿನ ಮೊದಲೇ ಪ್ರತಿಗಳನ್ನು ಹಿಂದಿರುಗಿಸಿದೆ. ಯಂತ್ರವೀಗ ಕೀಲಿಮಣೆಯನ್ನು ಒತ್ತಿದರೆ ಏಳುವುದಿಲ್ಲ. ಯುಎಸ್‌ಬಿಯ ಅಧಿಕಾರವನ್ನು ಕಸಿದುಕೊಂಡುದರ ಬೆಲೆ ಅದು. ಮುಂಭಾಗದ ಗುಂಡಿಯನ್ನೇ ಒತ್ತಬೇಕು. ಫರ್ಮ್‌ವೇರನ್ನು ನವೀಕರಿಸಿದ ದಿನ ಕೋಷ್ಟಕವನ್ನು ಮತ್ತೆ ತೆಗೆದು ತಿದ್ದಬೇಕಾಗುತ್ತದೆ. ಯಾವ ಡಿಸ್ಕು, ಯಾವ ಕಡತ, ಯಾವ ಸಂಖ್ಯೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಬದಿಗೆ ಅಂಟಿಸಿದ್ದೇನೆ. ಕೆಳಗೆ ತಾರೀಕನ್ನೂ ಹಾಕಿದ್ದೇನೆ.