ಮಂಡಿ ಮೊಹಲ್ಲಾದ ಹೊಳಪು

ಅಟ್ಟದಿಂದ ಇಳಿಸಿದ ತಾತನ ರ‍್ಯಾಲಿ ಸೈಕಲ್ಲಿಗೆ ಬಣ್ಣ ಹಾಕಿಸಲು ಮೈಸೂರಿನ ಕಾಲೇಜು ಹುಡುಗನೊಬ್ಬ ಈಚೆಗೆ ಊರೆಲ್ಲ ಅಲೆದ. ಗ್ಲಾಸಿ ಹಾಕಿಸಲೋ ಮ್ಯಾಟ್ ಹಾಕಿಸಲೋ ಎಂದು ಹೋದ ಕಡೆಯೆಲ್ಲ ಕೇಳಿದ. ಎಲ್ಲರೂ ಶೇಡ್ ಕಾರ್ಡ್ ಮುಂದಿಟ್ಟು ‘ನಿಮ್ಮಿಷ್ಟ ಸರ್’ ಅಂದರು. ಸೈಕಲ್ಲಿನ ಬಾರ್ ಮೇಲೆ ಬೆರಳಾಡಿಸಿ ತೀರ್ಮಾನವನ್ನು ತಾವೇ ಹೇಳುತ್ತಿದ್ದ ಮೇಸ್ತ್ರಿಯೊಬ್ಬರು ಒಂದು ಕಾಲಕ್ಕೆ ಮಂಡಿ ಮೊಹಲ್ಲಾದಲ್ಲಿದ್ದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಈಗ ಅಂಗಡಿಯೂ ಹೋಯಿತು. ನಾಡಹೆಂಚಿನ ಮಾಡು, ಗಾರೆ ಗೋಡೆ, ಗನ್ನಿನಿಂದ ಹಾರಿದ ಬಣ್ಣ ಪದರಗಟ್ಟಿ ಬೆರಳು ದಪ್ಪವಾಗಿದ್ದ ಮೂಲೆ, ಎಲ್ಲವೂ ಒಂದೇ ಬೆಳಗಿನಲ್ಲಿ ಟಿಪ್ಪರ್ ಸೇರಿತು. ಅಲ್ಲಿ ಕಾಂಪ್ಲೆಕ್ಸ್ ಏಳಲಿದೆ.

ಮೇಸ್ತ್ರಿಯ ಕಾಲದಲ್ಲಿ ಆ ಹುಡುಗನ ಪ್ರಶ್ನೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಮಂಕು ಬಣ್ಣ ಬೇಕಾಗಿದ್ದದ್ದು ಎರಡೇ ಕಡೆ. ಸ್ಕೂಲಿನ ಕಪ್ಪು ಹಲಗೆಗೆ, ಹಿಂದಿನ ಬೆಂಚಿನ ಮಕ್ಕಳಿಗೂ ಅಕ್ಷರ ಕಾಣಲೆಂದು. ಮಿಲಿಟರಿ ಗಾಡಿಗೆ, ಶತ್ರುವಿನ ಕಣ್ಣಿಗೆ ಬೀಳದಿರಲೆಂದು. ಸೈಕಲ್ ಅಂದರೆ ಕಪ್ಪು, ಕಪ್ಪು ಅಂದರೆ ಬಗ್ಗಿದವನ ಮುಖ ಕಾಣುವ ಕಪ್ಪು. 1949ರಲ್ಲಿ ಮದರಾಸಿನಲ್ಲಿ ಶುರುವಾದ ಟಿಐ ಕಂಪನಿಯ ಹರ್ಕ್ಯುಲಿಸ್, ಆಸನ್‌ಸೋಲ್‌ನ ರ‍್ಯಾಲಿ, 1951ರಿಂದ ಸೋನೀಪತ್‌ನ ಅಟ್ಲಾಸ್, 1956ರಿಂದ ಲೂಧಿಯಾನದ ಹೀರೋ, ಎಲ್ಲಿಂದ ಬಂದರೂ ದೊಡ್ಡವರ ಸೈಕಲ್ಲು ಬಹುಪಾಲು ಕಪ್ಪೇ. ಎನಾಮೆಲ್ ಬಳಿದ ಫ್ರೇಮನ್ನು ಭಟ್ಟಿಯಲ್ಲಿ ಬೇಯಿಸಿದಾಗ ಬಣ್ಣ ಕಬ್ಬಿಣಕ್ಕೆ ಕಚ್ಚಿಕೊಂಡು ಹೊಳೆಯುತ್ತಿತ್ತು. ಅದರ ಮೇಲೆ ಚಿನ್ನದ ಬಣ್ಣದ ಸಣ್ಣ ಗೆರೆಗಳು.

ಆ ಹೊಳಪು ಹೋದ ಮೇಲೆ ಮೇಸ್ತ್ರಿಯ ಕೆಲಸ. ಸೈಕಲ್ ಕೊಳ್ಳುವುದು ಆಗ ಮನೆಯ ದೊಡ್ಡ ಖರ್ಚು. ಅಪ್ಪನ ಸೈಕಲ್ಲಿಗೆ ಬಣ್ಣ ಹಾಕಿಸಿಯೇ ಮಗ ಕಾಲೇಜಿಗೆ ಹೋಗಬೇಕು, ಹಾಲಿನವರು ಹತ್ತು ವರ್ಷ ಕ್ಯಾನು ಹೇರಬೇಕು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವ ಅಂಗಡಿಯವರು ವರ್ಷಕ್ಕೊಮ್ಮೆ ಎಲ್ಲ ಸೈಕಲ್ಲುಗಳನ್ನೂ ಸಾಲಾಗಿ ತಂದು ನಿಲ್ಲಿಸುತ್ತಿದ್ದರು. ಆಯುಧಪೂಜೆ ಹದಿನೈದು ದಿನ ಇದೆ ಅನ್ನುವಾಗ ಗಲ್ಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ಮೇಸ್ತ್ರಿಯ ತಂದೆ ಊರಿನ ಲ್ಯಾಕ್ ಫ್ಯಾಕ್ಟರಿಯಲ್ಲಿ ಕೂಲಿಯಾಗಿದ್ದವರು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅದು. 1962ರ ಚುನಾವಣೆಯ ಶಾಯಿಯಿಂದ ದೇಶಕ್ಕೆಲ್ಲ ಹೆಸರಾಗುವ ಮೊದಲು ಅರಗು, ಬಣ್ಣವೇ ಅಲ್ಲಿನ ದಂಧೆ. ಅರಗು ಹೊಳೆಯುವುದು ತಿಕ್ಕುವ ಕೈಯಿಂದ ಎಂಬ ಪಾಠ ಮಗನಿಗೆ ಮನೆಯಲ್ಲೇ ಆಗಿತ್ತು.

ಕೆಲಸ ಶುರುವಾಗುತ್ತಿದ್ದದ್ದು ಹಳೆ ಬಣ್ಣ ಕೆರೆಯುವುದರಿಂದ. ಒಡೆದ ಗಾಜಿನ ಚೂರು, ಎಮರಿ ಪೇಪರ್ ಹಿಡಿದು ಹುಡುಗರು ಒಂದಿಡೀ ದಿನ ಕೆರೆಯುತ್ತಿದ್ದರು. ಕಬ್ಬಿಣ ಬೆಳ್ಳಗೆ ಕಂಡ ಮೇಲೆ ರೆಡ್ ಆಕ್ಸೈಡ್ ಪ್ರೈಮರ್, ತಗ್ಗಿದ್ದಲ್ಲಿ ಪುಟ್ಟಿ, ಅದು ಒಣಗಿದ ಮೇಲೆ ನೀರು ಸುರಿದುಕೊಂಡು ವಾಟರ್ ಪೇಪರ್. ಮೇಸ್ತ್ರಿ ಬಂದು ಕಣ್ಣು ಮುಚ್ಚಿ ಬಾರ್ ಸವರುತ್ತಿದ್ದರು. ಎಲ್ಲಾದರೂ ಬೆರಳು ನಿಂತರೆ, ‘ಮತ್ತೆ ತಿಕ್ಕು’. ಹೊಳೆಯುವ ಕಪ್ಪಿನ ಕೆಳಗೆ ಯಾವ ತಪ್ಪನ್ನೂ ಮುಚ್ಚಿಡಲಾಗುವುದಿಲ್ಲ. ನುಣುಪಾದ ಮೇಲ್ಮೈ ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ಕೂದಲೆಳೆಯಷ್ಟು ತಗ್ಗಿದ್ದರೂ ಅಲ್ಲಿ ಬೆಳಕು ಸೊಟ್ಟಗಾಗಿ ಊರಿಗೆಲ್ಲ ಕಾಣುತ್ತದೆ. ಆ ಭಯವೇ ಹುಡುಗರ ಕೈಯನ್ನು ಪಳಗಿಸಿತು.

ಕೊನೆಯ ಕೋಟು ಬೆಳಗಿನ ಜಾವ. ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ, ಮೇಸ್ತ್ರಿ ಗನ್ ಹಿಡಿದರೆ ಒಳಗೆ ಯಾರೂ ಮಾತಾಡುವಂತಿರಲಿಲ್ಲ. ಗನ್ನಿನಲ್ಲಿ ಹೊಡೆಯುವ ಬಣ್ಣವೆಲ್ಲ ಗಲ್ಲಿಯವರ ಬಾಯಲ್ಲಿ ‘ಡೂಕೋ’.

ಮಳೆಗಾಲ ಮಾತ್ರ ಅವರ ವೈರಿ. ತೇವದ ದಿನ ಡೂಕೋ ಹೊಡೆದರೆ ಥಿನ್ನರ್ ಬೇಗ ಆರುವ ಭರದಲ್ಲಿ ಬಣ್ಣದ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಕಪ್ಪೆಲ್ಲ ಬಿಳಿಚಿಕೊಳ್ಳುತ್ತಿತ್ತು. ಹೊಳಪಿನ ಜಾಗದಲ್ಲಿ ಮಂಕು. ಆಷಾಢದ ಜಿಟಿಜಿಟಿಯಲ್ಲಿ ಹೀಗೆ ಕೆಟ್ಟ ಸೈಕಲ್ಲನ್ನು ಮೇಸ್ತ್ರಿ ಗಿರಾಕಿಗೆ ತೋರಿಸುತ್ತಲೂ ಇರಲಿಲ್ಲ. ಹಿತ್ತಲಿಗೆ ಒಯ್ದು, ಬಿಸಿಲು ಬಂದ ದಿನ ಮತ್ತೆ ತಿಕ್ಕಿ, ಸ್ವಂತ ಖರ್ಚಿನಲ್ಲಿ ಮತ್ತೆ ಹೊಡೆಯುತ್ತಿದ್ದರು. ಅವರು ನಾಚಿ ಮರೆಮಾಡಿದ ಆ ಮಂಕನ್ನೇ ಇಂದು ಶೋರೂಮಿನಲ್ಲಿ ದೀಪ ಹಾಕಿ ನಿಲ್ಲಿಸಿ, ಅದಕ್ಕೆ ಬೆಲೆ ಏರಿಸಿ ಮಾರುತ್ತಾರೆ.

ಗಲ್ಲಿಯಲ್ಲಿ ಬೆಳೆದವರೆಲ್ಲರಿಗೂ ನೆನಪಿರುವುದು ಹಾಲಿನ ಗೌಡರ ಚೌಕಾಸಿ. ಎಪ್ಪತ್ತರ ದಶಕದ ಕೊನೆ ಇರಬೇಕು. ಮೇಸ್ತ್ರಿ ಮೂವತ್ತು ರೂಪಾಯಿ ಹೇಳಿದ್ದರು.

‘ಇಪ್ಪತ್ತು ಇಟ್ಕಳಿ ಸಾಬ್ರೆ. ಹಾಲಿನ ಸೈಕಲ್ಲು, ಹೊಳುದ್ರೆ ಏನು, ಬುಟ್ರೆ ಏನು? ಒಂದು ಕೋಟು ಸಾಕು.’

‘ಒಂದು ಕೋಟು ಬೇಕಾದ್ರೆ ನೀವೇ ಬ್ರಷ್ ತಗೊಂಡು ಹಚ್ಕೊಳ್ಳಿ ಗೌಡ್ರೆ. ನನ್ನ ಅಂಗಡೀಲಿ ಮೂರು.’

ಗೌಡರು ಎದ್ದು ಹೋದರು, ಗಲ್ಲಿಯ ತುದಿಯಿಂದ ವಾಪಸು ಬಂದರು, ಬೀಡಿ ಹಚ್ಚಿದರು. ಇಪ್ಪತ್ತೆರಡಾಯಿತು, ಇಪ್ಪತ್ತೈದಾಯಿತು. ಇಪ್ಪತ್ತೈದಕ್ಕೆ ಮೇಸ್ತ್ರಿ ಒಪ್ಪಿದರು, ಆದರೆ ಚಿನ್ನದ ಗೆರೆ ಇಲ್ಲ ಅಂದರು. ಅಲ್ಲಿಗೆ ಗೌಡರ ಮುಖ ಸಪ್ಪಗಾಯಿತು. ಹೊಳಪು ಬೇಡ ಅಂದವರಿಗೆ ಗೆರೆ ಬಿಡಲು ಮನಸ್ಸಿಲ್ಲ! ಕೊನೆಗೆ ಇಪ್ಪತ್ತೈದು ರೂಪಾಯಿ, ಮೇಲೆ ಹದಿನೈದು ದಿನ ದಿನಕ್ಕೆ ಪಾವು ಹಾಲು ಎಂದು ತೀರ್ಮಾನವಾಯಿತು. ಗೆರೆ ಎಳೆಯುವ ದಿನ ಗೌಡರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಮೇಸ್ತ್ರಿ ಉದ್ದ ಕೂದಲಿನ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಕಿರುಬೆರಳನ್ನು ಪೈಪಿಗೆ ಊರಿ, ಉಸಿರು ಹಿಡಿದು ಈ ತುದಿಯಿಂದ ಆ ತುದಿಗೆ ಒಂದೇ ಎಳೆತ ಎಳೆದರು. ಚೈನ್ ಕವರ್ ಮೇಲೆ ಗೌಡರ ಹೆಸರನ್ನೂ ಬರೆದರು. ಹೆಸರಿಗೆ ದುಡ್ಡು ಕೇಳಲಿಲ್ಲ.

ಆ ಅಂಗಡಿಯ ವಾಸನೆ ಮೂಗಿನಿಂದ ಹೋಗುವಂಥದ್ದಲ್ಲ. ಥಿನ್ನರ್ ಡಬ್ಬಿ ತೆರೆದರೆ ಕಳಿತ ಬಾಳೆಹಣ್ಣಿನ ಸಿಹಿ, ಅದರ ಹಿಂದೆಯೇ ಗಂಟಲು ಹಿಡಿಯುವ ಘಾಟು. ಸ್ಕೂಲು ಬಿಟ್ಟ ಮಕ್ಕಳು ಅದನ್ನು ಮೂಸಲೆಂದೇ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಆ ಸಿಹಿಯೇ ಮೇಸ್ತ್ರಿಯ ಎದೆಯನ್ನು ತಿಂದಿತು. ಇದನ್ನು ಹೇಳದೆ ಹಳೆಯ ಹೊಳಪನ್ನು ಹೊಗಳುವುದು ಅನ್ಯಾಯ. ಮಾಸ್ಕ್ ಎಂದರೆ ಮೂಗಿಗೆ ಸುತ್ತಿದ ಒದ್ದೆ ಟವೆಲ್. ಔಷಧಿ ಎಂದರೆ ಸಂಜೆ ಬಾಯಿಗೆ ಹಾಕಿಕೊಳ್ಳುವ ಒಂದುಂಡೆ ಬೆಲ್ಲ. ಕೆಮ್ಮು ಅಂಗಡಿಯ ಸದ್ದುಗಳಲ್ಲೊಂದಾಗಿತ್ತು. ಆ ಕಾಲದ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸದ ಅಂಶ ಸಾಮಾನ್ಯ. ಹಳೆ ಬಣ್ಣ ಕೆರೆದ ಪುಡಿ ಹುಡುಗರ ಉಗುರಲ್ಲಿ, ಊಟದ ಡಬ್ಬಿಯಲ್ಲಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ. ಅಷ್ಟು ಹೊತ್ತಿಗೆ ಆ ಗಲ್ಲಿಯ ಗನ್ನುಗಳು ನಿಂತಾಗಿತ್ತು.

ನಿಲ್ಲಿಸಿದ್ದು ಕಾಯಿಲೆಯಲ್ಲ, ಮಾರುಕಟ್ಟೆ. ತೊಂಬತ್ತರ ದಶಕದಲ್ಲಿ ದಪ್ಪ ಟೈರಿನ ಬಣ್ಣಬಣ್ಣದ ಸೈಕಲ್ಲುಗಳು ಬಂದವು. ಗೆರೆಯ ಜಾಗಕ್ಕೆ ಸ್ಟಿಕ್ಕರ್ ಬಂತು. ಹಾಲಿನವರು, ಪೇಪರಿನವರು ಮೊಪೆಡ್ ಹತ್ತಿದರು. ಬಾಡಿಗೆ ಸೈಕಲ್ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯನ್ನು ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಅದೇ ವರ್ಷ ಲಾಕ್‌ಡೌನ್ ಸಡಿಲವಾದ ಮೇಲೆ ಊರೂರಲ್ಲಿ ಸೈಕಲ್ ಕೊಳ್ಳಲು ಜನ ಮುಗಿಬಿದ್ದರು. ಗೇರಿನ ಆ ಹೊಸ ಸೈಕಲ್ಲುಗಳಲ್ಲಿ ಎಷ್ಟೋ ಮ್ಯಾಟ್ ಬಣ್ಣದವು.

ಮ್ಯಾಟ್ ಕೊಳ್ಳುವವರದು ತಪ್ಪೆನ್ನಲಾಗದು. ಬಣ್ಣದ ಮೇಲಿನ ಲ್ಯಾಕರ್‌ನಲ್ಲಿ ಸಿಲಿಕಾದ ನಯವಾದ ಪುಡಿ ಬೆರೆಸಿದರೆ ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿಯಾಗಿ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ. ಸಣ್ಣಪುಟ್ಟ ತಗ್ಗು, ಬೆಸುಗೆಯ ಒರಟು ಕಾಣುವುದಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ನೋಡಲು ಗಂಭೀರವಾಗಿಯೂ ಇದೆ.

ಕಷ್ಟ ಆಮೇಲಿನದು. ಆ ತರಿಯಲ್ಲಿ ಕೈಯ ಜಿಡ್ಡು, ಚೈನಿನ ಗ್ರೀಸು, ಕೆಮ್ಮಣ್ಣು ಕೂತರೆ ಬಟ್ಟೆಯಲ್ಲಿ ಒರೆಸಿ ತೆಗೆಯಲಾಗದು. ಸೋಪಿನ ನೀರಲ್ಲಿ ನಾಜೂಕಾಗಿ ತೊಳೆಯಬೇಕು. ಆಯುಧಪೂಜೆಗೆ ಹಚ್ಚಿದ ಕುಂಕುಮ ಕಲೆಯಾಗಿ ನಿಲ್ಲುತ್ತದೆ. ಹಳೆ ಕಪ್ಪಿಗೆ ಕೊಬ್ಬರಿ ಎಣ್ಣೆ ಸವರಿದಂತೆ ಇದಕ್ಕೆ ಸವರಿದರೆ ತೇಪೆ ಬೀಳುತ್ತದೆ. ತೊಡೆ ತಾಗುವ ಕಡೆ ಕಾಲಕ್ರಮದಲ್ಲಿ ತಾನಾಗಿ ಮಿಂಚತೊಡಗುತ್ತದೆ. ಗ್ಲಾಸಿ ಬಣ್ಣಕ್ಕೆ ಗೀರು ಬಿದ್ದರೆ ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಬಹುದು. ಮ್ಯಾಟನ್ನು ತಿಕ್ಕಿದರೆ ತಿಕ್ಕಿದಷ್ಟು ಜಾಗ ಹೊಳೆದು, ಗೀರಿಗಿಂತ ದೊಡ್ಡ ಗಾಯವಾಗುತ್ತದೆ. ಮೇಸ್ತ್ರಿ ಇದ್ದಿದ್ದರೆ ತಾತನ ಸೈಕಲ್ಲಿಗೆ ಎರಡನೇ ಮಾತಿಲ್ಲದೆ ಗ್ಲಾಸಿ ಹೊಡೆಯುತ್ತಿದ್ದರು, ಮತ್ತೆ ಮತ್ತೆ ಒಪ್ಪ ಮಾಡಬಹುದಾದ ಬಣ್ಣ ಅದೊಂದೇ ಎಂದು.

ಇಂದಿನವರಿಗೆ ಮತ್ತೆ ಒಪ್ಪ ಮಾಡುವ ಯೋಚನೆಯೇ ಇಲ್ಲ. ಕಂಪನಿ ಹಾಕಿದ ಬಣ್ಣ ಕಂಪನಿಯದು. ಅದು ಹೋದರೆ ಸೈಕಲ್ಲೂ ಹೋದಂತೆ. ಹತ್ತು ವರ್ಷ ಬಾಳಬೇಕಾದ ಕಬ್ಬಿಣ ಮೂರೇ ವರ್ಷಕ್ಕೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಗಾಳಿಯಿಲ್ಲದ ಟೈರಿನ ಮೇಲೆ ಧೂಳು ಕುಡಿಯುತ್ತಿರುತ್ತದೆ. ಬೇಕೆಂದವರಿಗೆ ಪೌಡರ್ ಕೋಟಿಂಗ್ ಇದೆ, ನಿಜ. ಇನ್ನೂರು ಡಿಗ್ರಿಯ ಆಸುಪಾಸಿನ ಭಟ್ಟಿಯಲ್ಲಿ ಬೇಯುವ ಆ ಬಣ್ಣ ಡೂಕೋಗಿಂತ ಗಟ್ಟಿ, ಥಿನ್ನರಿನ ವಿಷವೂ ಇಲ್ಲ. ಆದರೆ ಗೇಟು, ಗ್ರಿಲ್ಲುಗಳ ರಾಶಿಯ ನಡುವೆ ಒಂಟಿ ಫ್ರೇಮಿನ ಸರದಿ ಬರಲು ಕಾಯಬೇಕು, ಗೆರೆ ಎಳೆಯುವವರು ಅಲ್ಲಿಲ್ಲ.

ಮೇಸ್ತ್ರಿಯ ಕೈಯಲ್ಲಿ ಪಳಗಿದ ಹುಡುಗನೊಬ್ಬ ಈಗ ಐವತ್ತು ದಾಟಿ, ಕಾರು ಕಂಪನಿಯೊಂದರ ಸರ್ವಿಸ್ ಸೆಂಟರಿನಲ್ಲಿ ಹೆಡ್ ಪೇಂಟರ್. ಅಲ್ಲಿ ಗಾಜಿನ ಬೂತ್ ಇದೆ, ಒಳ್ಳೆಯ ಮಾಸ್ಕ್ ಇದೆ, ತಿಂಗಳಿಗೆ ಸಂಬಳ, ಪಿಎಫ್ ಇದೆ. ಹಳೆ ಗಲ್ಲಿಗೆ ಮರಳುವ ಆಸೆ ಅವರಿಗಿಲ್ಲ, ಇರಬೇಕೆಂದು ಬಯಸುವ ಹಕ್ಕು ಯಾರಿಗೂ ಇಲ್ಲ. ಬಾಗಿಲಿನ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಮ್ಯಾಟ್ ಕಾರು ಬಂದರೆ ಒಂದು ಗೀರಿಗೂ ಇಡೀ ಬಾಗಿಲಿಗೇ ಬಣ್ಣ ಹೊಡೆಯಬೇಕು ಎಂದು ಮೊದಲೇ ಹೇಳಿ ಎಸ್ಟಿಮೇಟ್ ಕೊಡುತ್ತಾರೆ. ಸೈಕಲ್ ತಂದವರನ್ನು ಸೆಕ್ಯುರಿಟಿಯವರು ಗೇಟಿನಲ್ಲೇ ವಾಪಸು ಕಳಿಸುತ್ತಾರೆ. ಅಲ್ಲಿನ ಕಂಪ್ಯೂಟರ್ ಬಿಲ್ಲಿನಲ್ಲಿ ಸೈಕಲ್ ಎಂಬ ಬಾಬ್ತೇ ಇಲ್ಲ.